ಕಡೆಯ ನುಡಿಯಲ್ಲಿ ಯಾರ ಹೆಸರು?

(ಹಿಪ್ಪರಗಿಯಲ್ಲಿ ಭಜನೆ, ಲಾವಣಿ ಮತ್ತು ಗೀಗೀ ಮೇಳಗಳ ಹಾಡುಗಾರರು ಸೇರಿದ್ದ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ಇವತ್ತಿನ ಮಾತಿಗೆ ಕಾರಣವಾದದ್ದು ಒಂದು ಸಣ್ಣ ಪ್ರಶ್ನೆ. ಈ ಕೂಟಕ್ಕೆ ಕರೆಯಲು ಬಂದಿದ್ದ ತರುಣನೊಬ್ಬ ಮಾತಿನ ನಡುವೆ ಮೊಬೈಲ್ ತೆಗೆದು ಒಂದು ಪದ ಕೇಳಿಸಿದ. ಕೃಷ್ಣೆಗೆ ಕಟ್ಟಿದ ನಿಮ್ಮೂರ ಬ್ಯಾರೇಜು, ದಂಡೆಯ ಕಬ್ಬು, ಮಳೆಗಾಲದಲ್ಲಿ ಏರುವ ಹೊಳೆ ಎಲ್ಲವೂ ಅದರಲ್ಲಿದ್ದವು. ಹಿಂದೆ ಹಾರ್ಮೋನಿಯಂ ಇತ್ತು, ತಾಳವಿತ್ತು, ಹಾಡುವ ಹೆಣ್ಣುದನಿಯೂ ಇತ್ತು. ಕೇಳಿದವರು ತಲೆದೂಗುವಂತಿತ್ತು. ಆದರೆ ಹಾಡಿದ ಹೆಣ್ಣುಮಗಳು ಎಲ್ಲಿಯೂ ಇಲ್ಲ, ಹಾರ್ಮೋನಿಯಂ ನುಡಿಸಿದವರೂ ಇಲ್ಲ. ಅದೆಲ್ಲ ಕೃತಕ ಬುದ್ಧಿಮತ್ತೆಯ ಯಂತ್ರ ಕೆಲವು ನಿಮಿಷಗಳಲ್ಲಿ ಮಾಡಿಕೊಟ್ಟದ್ದು. ಆಮೇಲೆ ಆ ಹುಡುಗ ಕೇಳಿದ: ‘ಸರ, ಪದಾ ಚಲೋ ಬಂದೈತ್ರಿ. ನಾ ನಾಕ ಸಾಲ ಹೇಳೀನಿ, ಉಳಿದದ್ದೆಲ್ಲಾ ಅದ ಕಟ್ಟೈತಿ. ಈಗ ಕಡೀ ನುಡಿಯೊಳಗ ಯಾರ ಹೆಸರ ಹಾಕ್ಲಿ?’

ನನಗೆ ಆ ಹುಡುಗನ ಮೇಲೆ ಗೌರವ ಮೂಡಿತು. ಸುಮ್ಮನೆ ತನ್ನ ಹೆಸರು ಹಾಕಿಕೊಂಡು ಯೂಟ್ಯೂಬಿಗೆ ಏರಿಸಿದ್ದರೆ ಯಾರೂ ಅವನನ್ನು ಕೇಳುತ್ತಿರಲಿಲ್ಲ. ಅವನು ಕೇಳಿದ್ದಕ್ಕೆ ಕಾರಣವೆಂದರೆ ಅವನು ಈ ಸೀಮೆಯ ಹುಡುಗ. ಕಡೆಯ ನುಡಿಯಲ್ಲಿ ಹೆಸರು ಬರಬೇಕು, ಬಂದ ಹೆಸರು ಸುಳ್ಳಾಗಿರಬಾರದು ಎಂಬುದು ಅವನಿಗೆ ಯಾರೂ ಪಾಠ ಮಾಡದೆ ಗೊತ್ತಿದೆ. ಅವನ ಪ್ರಶ್ನೆಗೆ ಕಾನೂನು ಒಂದು ಬಗೆಯ ಉತ್ತರ ಕೊಡುತ್ತದೆ, ನಮ್ಮ ಹಾಡಿನ ಪರಂಪರೆ ಇನ್ನೊಂದು ಬಗೆಯ ಉತ್ತರ ಕೊಡುತ್ತದೆ. ಎರಡನ್ನೂ ನೋಡೋಣ.

ಹಲಗಲಿಯ ಲಾವಣಿ

ಮೊದಲು ನಮ್ಮ ಪರಂಪರೆ. ಮುಧೋಳ ತಾಲ್ಲೂಕಿನ ಹಲಗಲಿ ನಿಮಗೆಲ್ಲ ಗೊತ್ತಿರುವ ಊರು. 1857ರಲ್ಲಿ ಜನರ ಕೈಯಿಂದ ಆಯುಧ ಕಿತ್ತುಕೊಳ್ಳಲು ಬ್ರಿಟಿಷ್ ಸರ್ಕಾರ ಹೊರಟಾಗ ಅಲ್ಲಿನ ಬೇಡರು ಒಪ್ಪಲಿಲ್ಲ. ಆ ವರ್ಷದ ನವೆಂಬರಿನಲ್ಲಿ ದಂಡು ಬಂದು ಊರನ್ನು ಸುಟ್ಟಿತು. ಆ ಕಥೆ ನಮಗೆ ಉಳಿದದ್ದು ಸರ್ಕಾರಿ ಕಾಗದಗಳಿಗಿಂತ ಹೆಚ್ಚಾಗಿ ಒಂದು ಲಾವಣಿಯಿಂದ. ಶಾಸನಗಳ ವಿದ್ವಾಂಸರೆಂದು ಹೆಸರಾದ ಜೆ.ಎಫ್. ಫ್ಲೀಟ್ ಎಂಬ ಅಧಿಕಾರಿ ಅದನ್ನು ಹಾಡುಗಾರರ ಬಾಯಿಂದ ಕೇಳಿ, ಬರೆಯಿಸಿಕೊಂಡು, ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದರು. ಈಗ ಅದು ನಮ್ಮ ಮಕ್ಕಳ ಪಠ್ಯಪುಸ್ತಕಕ್ಕೂ ಬಂದಿದೆ.

ಆ ಲಾವಣಿಯ ಕೊನೆಗೆ ಬರುವ ಅಂಕಿತ ಕುರ್ತಕೋಟಿಯ ಕಲ್ಮೇಶನದು. ಕಟ್ಟಿದವನ ಸ್ವಂತ ಹೆಸರು ಉಳಿಯಲಿಲ್ಲ. ಆದರೆ ಅವನ ಊರು ಉಳಿಯಿತು, ಅವನು ನಂಬಿದ ದೇವರು ಉಳಿದ. ಫ್ಲೀಟ್ ತಮ್ಮನ್ನು ಸಂಗ್ರಹಿಸಿದವರೆಂದು ಹೇಳಿಕೊಂಡರೇ ಹೊರತು ಕವಿಯೆಂದು ಹೇಳಿಕೊಳ್ಳಲಿಲ್ಲ. ಕಟ್ಟಿದವರು ಬೇರೆ, ಹಾಡಿದವರು ಬೇರೆ, ಬರೆದುಕೊಂಡವರು ಬೇರೆ ಎಂಬ ಲೆಕ್ಕ ಅಲ್ಲಿ ಚೊಕ್ಕಟವಾಗಿದೆ. ಊರು ಸುಟ್ಟ ಕಥೆಯನ್ನು ಹೇಳುವವನು ‘ಇದನ್ನು ಹೇಳಿದವನು ನಾನು, ನಾನು ಇಂಥ ಊರಿನವನು’ ಎಂದು ಸೇರಿಸಿದಾಗ ಆ ಮಾತಿಗೆ ಸಾಕ್ಷಿಯ ತೂಕ ಬರುತ್ತದೆ. ಈ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳಿ.

ಅಂಕಿತ ಅಥವಾ ಮುದ್ರಿಕೆ ಎಂಬುದು ನಮ್ಮಲ್ಲಿ ಎಲ್ಲ ಬಗೆಯ ಹಾಡಿಗೂ ಇದೆ. ಬಸವಣ್ಣನವರದು ಕೂಡಲಸಂಗಮದೇವ, ಅಲ್ಲಮಪ್ರಭುಗಳದು ಗುಹೇಶ್ವರ, ಅಕ್ಕಮಹಾದೇವಿಯದು ಚೆನ್ನಮಲ್ಲಿಕಾರ್ಜುನ. ಅಂಬಿಗರ ಚೌಡಯ್ಯ ಮಾತ್ರ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ. ದಾಸರ ಪಂಥದಲ್ಲಿ ಗುರುಗಳು ಅಂಕಿತ ಕೊಡುವ ಪದ್ಧತಿಯಿದೆ. ಅಂಕಿತ ಪಡೆದ ಮೇಲೆ ಆ ಶಿಷ್ಯನ ಹಾಡಿಗೆ ಒಂದು ಗುರುಪರಂಪರೆಯ ಹೊಣೆಯೂ ಸೇರಿಕೊಳ್ಳುತ್ತಿತ್ತು. ಹರದೇಶಿ-ನಾಗೇಶಿ ಮೇಳಗಳಲ್ಲಿ ಇಡೀ ರಾತ್ರಿ ಸವಾಲು-ಜವಾಬು ನಡೆದ ಮೇಲೆ ಕಡೆಯ ನುಡಿಯಲ್ಲಿ ಊರು, ಗುರು, ಕವಿ ಮೂವರ ಹೆಸರೂ ಬರುವುದನ್ನು ನೀವೇ ಎಷ್ಟು ಸಲ ಕೇಳಿದ್ದೀರಿ. ಈಗ ಮುಧೋಳ, ರಾಯಬಾಗ, ಗೋಕಾಕ ಕಡೆಯ ಸ್ಟುಡಿಯೋಗಳಿಂದ ಬರುವ ಹೊಸ ಹಾಡುಗಳಲ್ಲೂ ಸಾಹಿತ್ಯ ಯಾರದು, ಹಾಡಿದವರು ಯಾರು ಎಂಬುದು ಹಾಡಿನೊಳಗೇ ಬರುತ್ತದೆ. ಕ್ಯಾಸೆಟ್ಟು ಹೋಗಿ ಮೊಬೈಲು ಬಂದರೂ ಆ ರೂಢಿ ಹೋಗಿಲ್ಲ.

ಬದಲಾಯಿಸಿ ಬೆಳೆಸುವುದಕ್ಕೂ ನಮ್ಮಲ್ಲಿ ಜಾಗವಿತ್ತು. ಶ್ರೀಕೃಷ್ಣ ಪಾರಿಜಾತವನ್ನೇ ನೋಡಿ. ಮೊದಲು ಅದನ್ನು ರಚಿಸಿದವನು ಅಪರಾಳ ತಮ್ಮಣ್ಣ, ಬಯಲಾಟಕ್ಕೆ ಒಗ್ಗುವಂತೆ ಅದನ್ನು ಹಿಗ್ಗಿಸಿ ಬೆಳೆಸಿದವನು ಕುಲಗೋಡ ತಮ್ಮಣ್ಣ ಎಂದು ವಿದ್ವಾಂಸರು ಹೇಳುತ್ತಾರೆ. ಆಮೇಲೆ ಕೌಜಲಗಿಯ ನಿಂಗಮ್ಮನಂಥ ಕಲಾವಿದರು ಅದನ್ನು ಊರೂರಿಗೆ ಒಯ್ದರು. ಒಬ್ಬರ ಕೃತಿಯ ಮೇಲೆ ಇನ್ನೊಬ್ಬರು ಕೈಯಾಡಿಸಿದ್ದು ತಪ್ಪೆಂದು ಯಾರೂ ಹೇಳಲಿಲ್ಲ. ಆದರೆ ಇಬ್ಬರು ತಮ್ಮಣ್ಣಂದಿರ ಹೆಸರೂ ಇವತ್ತಿಗೂ ನಾಲಿಗೆಯ ಮೇಲಿದೆ. ಹಾಡು ಹಲವರ ಕೈ ದಾಟಿ ಬರಬಹುದು, ಆದರೆ ದಾಟಿ ಬಂದ ಕೈಗಳನ್ನು ಮರೆಮಾಚಬಾರದು ಎಂಬುದು ಇಲ್ಲಿನ ನಡಾವಳಿ.

ಸುಳ್ಳು ಅಂಕಿತದ ಕಥೆ

ಹಾಗೆಂದು ನಮ್ಮ ಹಿಂದಿನವರೆಲ್ಲ ಸತ್ಯಹರಿಶ್ಚಂದ್ರರಾಗಿದ್ದರು ಎಂದು ತಿಳಿಯಬೇಡಿ. ವಿಜಯಪುರದಲ್ಲಿ ಕುಳಿತು ಫ.ಗು. ಹಳಕಟ್ಟಿಯವರು ತಾಳೆಗರಿಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರ ಸಾರ’ ಪ್ರಕಟಿಸಿದರು. ಅಲ್ಲಿಂದ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಸಮಗ್ರ ವಚನ ಸಂಪುಟಗಳು ಬರುವವರೆಗೂ ಸಂಪಾದಕರನ್ನು ಕಾಡಿದ ಪ್ರಶ್ನೆ ಒಂದೇ: ಅಂಕಿತ ಬಸವಣ್ಣನವರದು ಇದ್ದ ಮಾತ್ರಕ್ಕೆ ವಚನವೂ ಅವರದೇ ಹೌದೇ? ಮುಂದಿನ ಕಾಲದವರು ತಾವು ಕಟ್ಟಿದ್ದನ್ನು ಹಿರಿಯರ ಅಂಕಿತದಲ್ಲಿ ಸೇರಿಸಿಬಿಟ್ಟರೆ ಅದನ್ನು ಪ್ರಕ್ಷಿಪ್ತ ಎನ್ನುತ್ತಾರೆ. ಸರ್ವಜ್ಞನ ತ್ರಿಪದಿಗಳದ್ದೂ ಇದೇ ಪಾಡು. ಉತ್ತಂಗಿ ಚನ್ನಪ್ಪನವರು 1924ರಲ್ಲಿ ಸರ್ವಜ್ಞನ ವಚನಗಳನ್ನು ಸಂಪಾದಿಸಿ ಹೊರತಂದರು. ಮೂರು ಸಾಲು ಕಟ್ಟಿ ಕೊನೆಗೆ ‘ಸರ್ವಜ್ಞ’ ಎಂದು ಸೇರಿಸುವುದು ಎಷ್ಟು ಸುಲಭವೋ, ಅದನ್ನು ಆರಿಸಿ ತೆಗೆಯುವುದು ಅಷ್ಟೇ ಕಷ್ಟ.

ಹಿಂದೆ ಹಾಗೆ ಸೇರಿಸಲು ಒಬ್ಬ ಮನುಷ್ಯ ಕುಳಿತು ಕಟ್ಟಬೇಕಿತ್ತು, ಗರಿಯ ಮೇಲೆ ಬರೆಯಬೇಕಿತ್ತು. ಈಗ ‘ಶರೀಫರ ಹಾಗೆ ಒಂದು ತತ್ವಪದ ಬರೆ’ ಎಂದರೆ ಯಂತ್ರ ಅರೆ ನಿಮಿಷದಲ್ಲಿ ಬರೆದು, ಕೊನೆಗೆ ಶಿಶುನಾಳಧೀಶನನ್ನೂ ತಂದು ಕೂಡಿಸುತ್ತದೆ. ಅದನ್ನು ಯಾರೋ ಒಬ್ಬರು ವಾಟ್ಸಾಪಿನಲ್ಲಿ ಕಳಿಸುತ್ತಾರೆ, ಇನ್ನೊಬ್ಬರು ಭಜನೆಯಲ್ಲಿ ಹಾಡುತ್ತಾರೆ, ಮೂರನೆಯವರು ಪುಸ್ತಕದಲ್ಲಿ ಸೇರಿಸುತ್ತಾರೆ. ಮುಂದೆ ಬರುವ ಯಂತ್ರಗಳು ಅದನ್ನೂ ಓದಿ ಶರೀಫರದೆಂದೇ ಕಲಿಯುತ್ತವೆ. ಹಳಕಟ್ಟಿಯವರ ಕಾಲದಲ್ಲಿ ಅನುಮಾನದ ವಚನವನ್ನು ತಾಳೆಗರಿಯ ವಯಸ್ಸು, ಲಿಪಿ, ಬೇರೆ ಪ್ರತಿಗಳ ಜೊತೆ ಹೋಲಿಸಿ ನೋಡಬಹುದಿತ್ತು. ಮೊಬೈಲಿನಿಂದ ಮೊಬೈಲಿಗೆ ಹಾರುವ ಹಾಡಿಗೆ ಗರಿಯೂ ಇಲ್ಲ, ಪ್ರತಿಯೂ ಇಲ್ಲ. ಕನ್ನಡಕ್ಕೆ ಈ ಯಂತ್ರಗಳಿಂದ ಆಗಬಹುದಾದ ದೊಡ್ಡ ಹಾನಿ ಇದೇ ಎಂದು ನನ್ನ ಎಣಿಕೆ.

ಇನ್ನೊಂದು ಘಟನೆ ನಮ್ಮ ಜಿಲ್ಲೆಗೇ ಸಂಬಂಧಿಸಿದ್ದು. ನಿಮ್ಮೂರ ಮುಂದೆ ಹರಿಯುವ ಕೃಷ್ಣೆ ಮುಂದೆ ಮಲಪ್ರಭೆಯನ್ನು ಕೂಡುವ ಜಾಗವೇ ಕೂಡಲಸಂಗಮ. ಮಾತೆ ಮಹಾದೇವಿಯವರು ‘ಬಸವ ವಚನ ದೀಪ್ತಿ’ ಎಂಬ ತಮ್ಮ ಕೃತಿಯಲ್ಲಿ ಕೂಡಲಸಂಗಮದೇವ ಎಂಬ ಅಂಕಿತವನ್ನು ಲಿಂಗದೇವ ಎಂದು ಬದಲಿಸಿದರು. ಬಹಿರಂಗವಾಗಿಯೇ ಬದಲಿಸಿದರು, ಅದಕ್ಕೆ ತಮ್ಮ ಕಾರಣಗಳನ್ನೂ ಕೊಟ್ಟರು. ಆದರೂ ನಾಡಿನಲ್ಲಿ ದೊಡ್ಡ ವಿವಾದವೆದ್ದಿತು. 1998ರಲ್ಲಿ ರಾಜ್ಯ ಸರ್ಕಾರ ಆ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. 2017ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಸರ್ಕಾರದ ಕ್ರಮವನ್ನು ಎತ್ತಿಹಿಡಿಯಿತು.

ಆ ಮುಟ್ಟುಗೋಲು ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ನಮಗೆ ಬೇಕಾದದ್ದು ಬೇರೆ. ಬಸವಣ್ಣನವರ ವಚನಗಳ ಮೇಲೆ ಯಾರಿಗೂ ಕೃತಿಸ್ವಾಮ್ಯವಿಲ್ಲ, ಎಂಟುನೂರು ವರ್ಷಗಳು ಕಳೆದಿವೆ. ಆ ಮೊಕದ್ದಮೆ ನಡೆದದ್ದೂ ಕೃತಿಸ್ವಾಮ್ಯದ ಕಾಯ್ದೆಯ ಅಡಿಯಲ್ಲಲ್ಲ. ಆದರೂ ಒಂದು ಅಂಕಿತ ಬದಲಾದಾಗ ಜನ ನೊಂದುಕೊಂಡರು. ಹಾಡಿನ ಮೇಲಿನ ಒಡೆತನ ಒಂದು ದಿನ ಮುಗಿಯುತ್ತದೆ, ಹಾಡಿನೊಳಗಿನ ಹೆಸರಿಗೆ ಮಾತ್ರ ಅವಧಿ ಮುಗಿಯುವುದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಆದ್ದರಿಂದಲೇ ಕೃತಿಸ್ವಾಮ್ಯ ಮತ್ತು ಪ್ರಾಮಾಣಿಕತೆ ಎರಡನ್ನೂ ಬೇರೆಬೇರೆಯಾಗಿ ವಿಚಾರ ಮಾಡಬೇಕು.

ಕಾನೂನು ಏನನ್ನುತ್ತದೆ?

ಈಗ ಕಾನೂನಿಗೆ ಬರೋಣ. ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದು. ಅದರ ಕಣ್ಣಿಗೆ ಒಂದು ಹಾಡು ಎಂದರೆ ಒಂದಲ್ಲ, ಮೂರು ವಸ್ತು. ಮಾತು ಅಥವಾ ಸಾಹಿತ್ಯ ಒಂದು, ಧಾಟಿ ಅಥವಾ ಸ್ವರಸಂಯೋಜನೆ ಎರಡು, ಅದನ್ನು ಹಾಡಿಸಿ ಮುದ್ರಿಸಿಕೊಂಡ ಧ್ವನಿಮುದ್ರಣ ಮೂರು. ಮಾತಿಗೆ ಬರೆದವನು ಕರ್ತೃ, ಧಾಟಿಗೆ ಕಟ್ಟಿದವನು ಕರ್ತೃ, ಮುದ್ರಣಕ್ಕೆ ಅದನ್ನು ಮಾಡಿಸಿದ ನಿರ್ಮಾಪಕ ಕರ್ತೃ. ಹಾಡಿದವರಿಗೆ ಪ್ರದರ್ಶಕರ ಹಕ್ಕು ಎಂಬುದು ಬೇರೆಯೇ ಇದೆ.

ಶರೀಫರ ಪದಗಳನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಶರೀಫ ಸಾಹೇಬರು ತೀರಿಕೊಂಡದ್ದು 1889ರಲ್ಲಿ. ಅವರ ಮಾತುಗಳು ಈಗ ಎಲ್ಲರ ಸೊತ್ತು, ಯಾರು ಬೇಕಾದರೂ ಹಾಡಬಹುದು. ಆದರೆ ಅವುಗಳಿಗೆ ಸಿ. ಅಶ್ವತ್ಥ್ ಹಾಕಿದ ಧಾಟಿ ಎಲ್ಲರ ಸೊತ್ತಲ್ಲ. ಕರ್ತೃ ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಅಶ್ವತ್ಥ್ ತೀರಿಕೊಂಡದ್ದು 2009ರಲ್ಲಿ, ಅಂದರೆ 2069 ಮುಗಿಯುವವರೆಗೆ ಅವರ ಧಾಟಿಗೆ ರಕ್ಷಣೆಯಿದೆ. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗಳ ಮೇಲಿನ ಹಕ್ಕು 2041ರ ಕೊನೆಯವರೆಗೆ ಇದೆ. ‘ಇದು ಹಳೇ ಹಾಡು, ಯಾರ ಅಪ್ಪಣೆ ಬೇಕು?’ ಎಂದು ಹೇಳುವ ಮೊದಲು, ಹಳೆಯದು ಮಾತೋ ಧಾಟಿಯೋ ಮುದ್ರಣವೋ ಎಂದು ಕೇಳಿಕೊಳ್ಳಬೇಕು.

ಇದೇ ಕಾಯ್ದೆಯ 57ನೆಯ ಕಲಮು ನಮ್ಮ ಅಂಕಿತಕ್ಕೆ ಬಹಳ ಹತ್ತಿರದ್ದು. ಕೃತಿಯ ಹಕ್ಕನ್ನು ಮಾರಿದ ಮೇಲೂ ‘ಇದು ನನ್ನದು’ ಎಂದು ಹೇಳಿಕೊಳ್ಳುವ ಅಧಿಕಾರ ಕರ್ತೃವಿಗೆ ಉಳಿದಿರುತ್ತದೆ. ಮಾನಕ್ಕೆ ಕುಂದು ತರುವಂತೆ ಕೃತಿಯನ್ನು ತಿರುಚಿದರೆ ತಡೆಯುವ ಅಧಿಕಾರವೂ ಇದೆ. 2012ರ ತಿದ್ದುಪಡಿಯಲ್ಲಿ ಇನ್ನೊಂದು ಒಳ್ಳೆಯ ಕೆಲಸವಾಯಿತು. ಚಿತ್ರಮಂದಿರದಲ್ಲಿ ಚಿತ್ರದೊಂದಿಗೆ ತೋರಿಸುವುದನ್ನು ಬಿಟ್ಟು ಉಳಿದ ಕಡೆ ಹಾಡು ಬಳಕೆಯಾದರೆ ಬರುವ ಗೌರವಧನದ ಪಾಲನ್ನು ಸಾಹಿತಿಯಾಗಲಿ ಸಂಗೀತಗಾರನಾಗಲಿ ನಿರ್ಮಾಪಕನಿಗೆ ಬಿಟ್ಟುಕೊಡುವಂತಿಲ್ಲ, ಬರೆದುಕೊಟ್ಟರೂ ಅದು ಊರ್ಜಿತವಲ್ಲ. ಆಗ ರಾಜ್ಯಸಭೆಯ ಸದಸ್ಯರಾಗಿದ್ದ ಕವಿ ಜಾವೇದ್ ಅಖ್ತರ್ ಇದಕ್ಕಾಗಿ ಗಟ್ಟಿಯಾಗಿ ದನಿ ಎತ್ತಿದ್ದರು.

ಯಂತ್ರದ ವಿಷಯ ಏನು? ನಿಮಗೆ ಆಶ್ಚರ್ಯವಾಗಬಹುದು, ನಮ್ಮ ಕಾಯ್ದೆಗೆ 1994ರಲ್ಲಿಯೇ ಒಂದು ಮಾತು ಸೇರಿದೆ. ಗಣಕಯಂತ್ರದಿಂದ ಹುಟ್ಟಿದ ಸಾಹಿತ್ಯ, ನಾಟಕ, ಸಂಗೀತ ಅಥವಾ ಕಲಾಕೃತಿಗೆ ‘ಅದು ಉಂಟಾಗುವಂತೆ ಮಾಡಿದ ವ್ಯಕ್ತಿ’ ಕರ್ತೃ ಎಂಬುದು ಅದರ ಸಾರ. ಆ ಕಾಲದಲ್ಲಿ ಗಣಕವೆಂದರೆ ಹೇಳಿದಷ್ಟನ್ನು ಮಾಡುವ ಯಂತ್ರ. ಇಂದು ನಾಲ್ಕು ಸಾಲು ಹೇಳಿದರೆ ಅದು ನಲವತ್ತು ಸಾಲು ಕಟ್ಟುತ್ತದೆ. ಹಾಗಾದರೆ ಉಂಟಾಗುವಂತೆ ಮಾಡಿದವನು ನಾಲ್ಕು ಸಾಲು ಹೇಳಿದ ಹಿಪ್ಪರಗಿಯ ಹುಡುಗನೋ, ದೂರದ ದೇಶದಲ್ಲಿ ಯಂತ್ರ ಕಟ್ಟಿದ ಕಂಪನಿಯೋ? ಅದರ ಜೊತೆಗೆ ಕೃತಿ ಸ್ವೋಪಜ್ಞವಾಗಿರಬೇಕು ಎಂಬ ಷರತ್ತೂ ಇದೆ. ಬರೀ ಶ್ರಮ ಸಾಲದು, ಕರ್ತೃವಿನ ಕೌಶಲ ಮತ್ತು ವಿವೇಚನೆಯ ಜೊತೆ ಕನಿಷ್ಠ ಮಟ್ಟದ ಸೃಜನಶೀಲತೆಯೂ ಇರಬೇಕು ಎಂದು ಸುಪ್ರೀಂ ಕೋರ್ಟು 2007ರ ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ ಹೇಳಿದೆ.

ಅಮೆರಿಕದಲ್ಲಿ ಉತ್ತರ ಇನ್ನಷ್ಟು ಖಚಿತವಾಗಿದೆ. ಮನುಷ್ಯ ಕರ್ತೃವಿಲ್ಲದ ಕೃತಿಗೆ ಕೃತಿಸ್ವಾಮ್ಯವಿಲ್ಲ ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯವೊಂದು 2025ರ ಮಾರ್ಚಿನಲ್ಲಿ ತೀರ್ಪು ಕೊಟ್ಟಿತು. ಯಂತ್ರಕ್ಕೆ ಸೂಚನೆ ಕೊಟ್ಟ ಮಾತ್ರಕ್ಕೆ ಕರ್ತೃತ್ವ ಬರುವುದಿಲ್ಲ, ಮನುಷ್ಯ ತಾನೇ ಬರೆದ ಅಥವಾ ಆರಿಸಿ ತಿದ್ದಿ ಜೋಡಿಸಿದ ಭಾಗಕ್ಕೆ ಮಾತ್ರ ಬರುತ್ತದೆ ಎಂದು ಅಲ್ಲಿನ ಕೃತಿಸ್ವಾಮ್ಯ ಕಚೇರಿ ಅದೇ ವರ್ಷದ ಜನವರಿಯಲ್ಲಿ ಹೇಳಿತ್ತು. ಇದರ ಅರ್ಥ ಹಾಡುಗಾರನಿಗೆ ಮುಖ್ಯವಾದದ್ದು. ಪೂರ್ತಿ ಯಂತ್ರವೇ ಕಟ್ಟಿದ ಹಾಡನ್ನು ನಾಳೆ ಪಕ್ಕದೂರಿನವನು ಎತ್ತಿಕೊಂಡರೆ ‘ನನ್ನದು’ ಎಂದು ತಡೆಯಲು ನಿಮ್ಮ ಕೈಯಲ್ಲಿ ಏನೂ ಇರಲಿಕ್ಕಿಲ್ಲ. ಜೊತೆಗೆ ಈ ಸೇವೆಗಳ ಕರಾರನ್ನೂ ಓದಬೇಕು. ಕೆಲವು ಸೇವೆಗಳಲ್ಲಿ ಪುಕ್ಕಟೆ ಬಳಸುವವರಿಗೆ ಆ ಹಾಡಿನಿಂದ ಹಣ ಮಾಡುವ ಅನುಮತಿ ಇರುವುದಿಲ್ಲ.

ಯಂತ್ರ ಯಾರಿಂದ ಕಲಿಯಿತು?

ಹಾಡು ಕಟ್ಟುವ ಯಂತ್ರ ಕೆಲಸ ಮಾಡುವ ರೀತಿಯನ್ನು ಒಂದೆರಡು ಮಾತಿನಲ್ಲಿ ಹೇಳುತ್ತೇನೆ. ಅದಕ್ಕೆ ಲೆಕ್ಕವಿಲ್ಲದಷ್ಟು ಬರಹ, ಲೆಕ್ಕವಿಲ್ಲದಷ್ಟು ಧ್ವನಿಮುದ್ರಣ ಉಣ್ಣಿಸಿರುತ್ತಾರೆ. ಒಂದು ಮಾತಿನ ಮುಂದೆ ಯಾವ ಮಾತು ಬರುವ ಸಂಭವ ಹೆಚ್ಚು, ಒಂದು ನಾದದ ಮುಂದೆ ಯಾವ ನಾದ ಒಪ್ಪುತ್ತದೆ ಎಂಬ ಲೆಕ್ಕವನ್ನು ಅದು ಆ ರಾಶಿಯಿಂದ ಕಲಿಯುತ್ತದೆ. ನಾವು ಕೇಳಿದಾಗ ಆ ಲೆಕ್ಕದಂತೆ ಹೊಸದೊಂದನ್ನು ಹೆಣೆಯುತ್ತದೆ. ಒಂದೇ ಹಾಡು ಆ ರಾಶಿಯಲ್ಲಿ ಮತ್ತೆ ಮತ್ತೆ ಬಂದಿದ್ದರೆ ಕೆಲವು ಸಲ ಅದನ್ನು ಇದ್ದಕ್ಕಿದ್ದಂತೆ ಒಪ್ಪಿಸಿಬಿಡುವುದೂ ಉಂಟು.

ಇಲ್ಲಿ ಕೆಲವರು ಒಂದು ನ್ಯಾಯವಾದ ಪ್ರಶ್ನೆ ಕೇಳುತ್ತಾರೆ. ಮೇಳದ ಮೂಲೆಯಲ್ಲಿ ಕುಳಿತು ರಾತ್ರಿಯಿಡೀ ಕೇಳಿದ ಹುಡುಗನೂ ಹೀಗೆಯೇ ತಾನೇ ಕಲಿಯುವುದು? ಅವನನ್ನು ಯಾರೂ ಕಳ್ಳ ಎನ್ನುವುದಿಲ್ಲ, ಯಂತ್ರವನ್ನೇಕೆ ಎನ್ನಬೇಕು? ವ್ಯತ್ಯಾಸವಿದೆ. ಆ ಹುಡುಗ ಗುರುವಿನ ಕಾಲಿಗೆ ಬಿದ್ದು ಕಲಿಯುತ್ತಾನೆ, ತಾಳ ಹಿಡಿದು ಸೇವೆ ಮಾಡುತ್ತಾನೆ, ಮುಂದೆ ತಾನು ಹಾಡುವಾಗ ಕಡೆಯ ನುಡಿಯಲ್ಲಿ ಗುರುವಿನ ಹೆಸರು ಹೇಳುತ್ತಾನೆ. ತಪ್ಪು ಹಾಡಿದರೆ ಎದುರಿನ ಮೇಳದವರು ತುಂಬಿದ ಸಭೆಯಲ್ಲಿ ಅವನನ್ನೇ ಕೇಳುತ್ತಾರೆ. ಯಂತ್ರ ಯಾರಿಂದ ಕಲಿತೆ ಎಂದು ಹೇಳಲಾರದು. ಅದನ್ನು ಕಟ್ಟಿದ ಕಂಪನಿಗಳು ಹೇಳುವುದು ಅಪರೂಪ.

ಈ ವಿಚಾರ ಈಗ ಹಲವು ದೇಶಗಳ ನ್ಯಾಯಾಲಯಗಳಲ್ಲಿದೆ. ಜರ್ಮನಿಯ ಗೀತರಚನಕಾರರ ಹಾಗೂ ಸಂಗೀತಗಾರರ ಸಂಘವಾದ ಗೇಮಾ, ಒಂಬತ್ತು ಜರ್ಮನ್ ಹಾಡುಗಳ ವಿಷಯದಲ್ಲಿ ಓಪನ್‌ಎಐ ಕಂಪನಿಯ ಮೇಲೆ ದಾವೆ ಹೂಡಿತ್ತು. ಯಂತ್ರ ಆ ಸಾಹಿತ್ಯವನ್ನು ಉರು ಹೊಡೆದು ಮತ್ತೆ ಒಪ್ಪಿಸುವುದು ಕೃತಿಸ್ವಾಮ್ಯದ ಉಲ್ಲಂಘನೆ ಎಂದು ಮ್ಯೂನಿಕ್ ನ್ಯಾಯಾಲಯ 2025ರ ನವೆಂಬರಿನಲ್ಲಿ ತೀರ್ಪಿತ್ತಿತು. ಅಮೆರಿಕದಲ್ಲಿ ದೊಡ್ಡ ಧ್ವನಿಮುದ್ರಿಕೆ ಕಂಪನಿಗಳು ಸುನೋ, ಉಡಿಯೋ ಎಂಬ ಹಾಡು ಕಟ್ಟುವ ಸೇವೆಗಳ ಮೇಲೆ 2024ರ ಜೂನಿನಲ್ಲಿ ದಾವೆ ಹೂಡಿದವು. ಅವುಗಳಲ್ಲಿ ಕೆಲವು 2025ರ ಕೊನೆಯಲ್ಲಿ ರಾಜಿಯಾಗಿ ಪರವಾನಗಿಯ ಒಪ್ಪಂದ ಮಾಡಿಕೊಂಡವು.

ನಮ್ಮ ದೇಶದಲ್ಲಿ ಕೇಂದ್ರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆ 2025ರ ಡಿಸೆಂಬರಿನಲ್ಲಿ ಒಂದು ಚರ್ಚಾಪತ್ರ ಹೊರಡಿಸಿತು. ಯಂತ್ರಕ್ಕೆ ಕಲಿಸಲು ಕೃತಿಗಳನ್ನು ಬಳಸಿಕೊಳ್ಳಲು ಕಂಪನಿಗಳಿಗೆ ಒಟ್ಟಾಗಿ ಪರವಾನಗಿ ಕೊಡುವುದು, ಅದಕ್ಕೆ ಪ್ರತಿಯಾಗಿ ಅವು ಗೌರವಧನ ಕಟ್ಟುವುದು, ಅದನ್ನು ಕರ್ತೃಗಳಿಗೆ ಹಂಚುವುದು ಎಂಬುದು ಅದರಲ್ಲಿನ ಸಲಹೆ. ಅದು ಸಲಹೆ, ಶಾಸನವಲ್ಲ. ಆದರೆ ಹಾಗೊಂದು ವ್ಯವಸ್ಥೆ ಬಂದರೆ ದುಡ್ಡು ಯಾರಿಗೆ ಹೋಗುತ್ತದೆ? ಕೃತಿಯ ಮೇಲೆ ಹೆಸರಿದ್ದವರಿಗೆ.

ಈ ಸೀಮೆಯ ಹಾಡುಗಾರರ ಹೊಟ್ಟೆಪಾಡಿನ ಪ್ರಶ್ನೆ ಇಲ್ಲಿಯೇ ಇದೆ. ನಮ್ಮಲ್ಲಿ ನಿನ್ನೆ ಮೊನ್ನೆ ಒಬ್ಬರು ಬರೆದ ಹಾಡಿಗೂ ‘ಜಾನಪದ’ ಎಂದು ಹಣೆಪಟ್ಟಿ ಅಂಟಿಸುತ್ತೇವೆ. ಜಾನಪದ ಎಂದ ಕೂಡಲೇ ಕೇಳುವವನಿಗೆ ಅದು ವಾರಸುದಾರರಿಲ್ಲದ ಮಾಲು ಎನಿಸುತ್ತದೆ. ನಿಜವಾದ ಜನಪದ ಹಾಡಿಗೆ ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ರತ್ಯೇಕ ರಕ್ಷಣೆಯಿಲ್ಲ. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಹೊರತಂದಾಗ ತಾವು ಸಂಗ್ರಾಹಕರೆಂದು ಹೇಳಿಕೊಂಡರು, ಹೆಸರಿನಲ್ಲಿಯೇ ಹಾಡು ಗರತಿಯದೆಂದು ಒಪ್ಪಿದರು. ಬೀಸುವ ಕಲ್ಲಿನ ಮುಂದೆ ಅದನ್ನು ಕಟ್ಟಿದ ಸಾವಿರಾರು ತಾಯಂದಿರ ಹೆಸರು ಹೋಯಿತು, ಅದಕ್ಕೆ ಈಗ ಪರಿಹಾರವಿಲ್ಲ. ಆದರೆ ಇಂದು ಬದುಕಿರುವ ಕವಿ ತಾನಾಗಿಯೇ ತನ್ನ ಹಾಡಿಗೆ ‘ಜಾನಪದ’ ಎಂದಷ್ಟೇ ಬರೆದು ಹೆಸರು ಬಿಟ್ಟರೆ, ನಾಳೆ ಬರಬಹುದಾದ ಪಾಲನ್ನು ತಾನೇ ಬಿಟ್ಟುಕೊಟ್ಟಂತೆ.

ದನಿಯೂ ಒಂದು ಹೆಸರೇ

ಮಾತು, ಧಾಟಿಗಳಂತೆ ದನಿಯನ್ನೂ ಈಗ ನಕಲು ಮಾಡಬಹುದು. ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ಅವರ ಅಪ್ಪಣೆಯಿಲ್ಲದೆ ಯಂತ್ರದಿಂದ ನಕಲು ಮಾಡುವುದಕ್ಕೆ ಬಾಂಬೆ ಹೈಕೋರ್ಟು 2024ರ ಜುಲೈನಲ್ಲಿ ಮಧ್ಯಂತರ ತಡೆ ಕೊಟ್ಟಿತು. ಅದೇ ವರ್ಷ ‘ಲಾಲ್ ಸಲಾಂ’ ಎಂಬ ತಮಿಳು ಚಿತ್ರದಲ್ಲಿ ಎ.ಆರ್. ರೆಹಮಾನ್ ತೀರಿಹೋದ ಇಬ್ಬರು ಗಾಯಕರ, ಬಂಬಾ ಬಾಕ್ಯಾ ಮತ್ತು ಶಾಹುಲ್ ಹಮೀದ್ ಅವರ ದನಿಗಳನ್ನು ಯಂತ್ರದಿಂದ ಮರಳಿ ತಂದರು. ಎರಡೂ ಕುಟುಂಬಗಳ ಒಪ್ಪಿಗೆ ಪಡೆದು, ತಕ್ಕ ಸಂಭಾವನೆ ಕೊಟ್ಟಿದ್ದಾಗಿ ಬಹಿರಂಗವಾಗಿ ಹೇಳಿದರು. ತೀರಿಹೋದವರ ದನಿ ಮತ್ತೆ ಹಾಡಬೇಕೇ ಎಂಬ ಬಗ್ಗೆ ಭಿನ್ನಾಭಿಪ್ರಾಯವಿರಬಹುದು. ಆದರೆ ಕೇಳಿ, ಕೊಟ್ಟು, ಹೇಳಿ ಮಾಡಿದರು ಎಂಬುದು ಮುಖ್ಯ. ಕನ್ನಡದಲ್ಲಿ 2025ರಲ್ಲಿ ತೆರೆಕಂಡ ‘ಲವ್ ಯೂ’ ಚಿತ್ರವನ್ನು ಕೃತಕ ಬುದ್ಧಿಮತ್ತೆಯಿಂದಲೇ ಮಾಡಿದ್ದೆಂದು ಅದನ್ನು ತಯಾರಿಸಿದವರೇ ಸಾರಿದರು. ಅದು ರುಚಿಸಿತೋ ಇಲ್ಲವೋ, ನೋಡುವವನಿಗೆ ಮೋಸವಾಗಲಿಲ್ಲ.

ಇದನ್ನು ರಬಕವಿ-ಬನಹಟ್ಟಿಯ ನೇಕಾರರಿಗೆ ನಾನು ವಿವರಿಸಬೇಕಿಲ್ಲ. ಅಲ್ಲಿ ಕೈಮಗ್ಗವೂ ಇದೆ, ಪವರ್‌ಲೂಮೂ ಇದೆ. ಪವರ್‌ಲೂಮಿನಲ್ಲಿ ನೇಯ್ದು ಮಾರುವುದು ತಪ್ಪಲ್ಲ, ಎಷ್ಟೋ ಮನೆಗಳ ಒಲೆ ಅದರಿಂದ ಉರಿಯುತ್ತಿದೆ. ಪವರ್‌ಲೂಮಿನ ಸೀರೆಗೆ ಕೈಮಗ್ಗದ ಮುದ್ರೆ ಒತ್ತಿ ಮಾರುವುದು ತಪ್ಪು. ಅದಕ್ಕೆಂದೇ 1985ರಲ್ಲಿ ಕೆಲವು ಬಗೆಯ ಬಟ್ಟೆಯನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆ ಬಂತು, 2006ರಲ್ಲಿ ಕೈಮಗ್ಗದ ಗುರುತಿನ ಚೀಟಿ ಬಂತು. ಸುಳ್ಳು ಮುದ್ರೆಯಿಂದ ಕೊಳ್ಳುವವಳಿಗೆ ಮಾತ್ರ ಮೋಸವ��ಗುವುದಿಲ್ಲ. ಕುಣಿಯಲ್ಲಿ ಕಾಲಿಟ್ಟು ವಾರಗಟ್ಟಲೆ ನೇಯ್ದವನ ಸೀರೆಯ ಬೆಲೆಯೂ ಬೀಳುತ್ತದೆ. ಹಾಡಿಗೂ ಇದೇ ನ್ಯಾಯ. ವಾದ್ಯಮೇಳ ಕಟ್ಟಲು ದುಡ್ಡಿಲ್ಲದ ಹಳ್ಳಿಯ ಕವಿಗೆ ಯಂತ್ರ ಆಸರೆಯಾಗುವುದಾದರೆ ಆಗಲಿ. ಅದನ್ನು ಬಚ್ಚಿಟ್ಟಾಗ ಮಾತ್ರ, ಬೆವರು ಸುರಿಸಿ ಹಾಡು ಕಟ್ಟಿದವರ ಪಾಲಿಗೆ ಕುತ್ತು.

ಮಾಡಬಹುದಾದದ್ದು

ಹಾಗಾದರೆ ನಾವು ಮಾಡಬೇಕಾದದ್ದೇನು? ದೊಡ್ಡ ಮಾತು ಬೇಡ, ಕೆಲವು ರೂಢಿಗಳು ಸಾಕು. ಹಾಡನ್ನು ಹೊರಗೆ ಬಿಡುವಾಗ ಸಾಹಿತ್ಯ, ಧಾಟಿ, ಗಾಯನ, ವಾದ್ಯ ಇವುಗಳ ಮುಂದೆ ಮಾಡಿದವರ ಹೆಸರು ಬರೆಯಿರಿ. ಯಂತ್ರ ಮಾಡಿದ ಕಡೆ ‘ಯಂತ್ರದಿಂದ’ ಎಂದೇ ಬರೆಯಿರಿ, ನಾಚಿಕೆಪಡುವ ಕಾರಣವಿಲ್ಲ. ಹಿರಿಯರ ಅಂಕಿತವನ್ನು ಯಂತ್ರ ಕಟ್ಟಿದ ಪದಕ್ಕೆ ಹಾಕಲೇಬೇಡಿ, ಭಕ್ತಿಯಿಂದಲೂ ಹಾಕಬೇಡಿ. ಬದುಕಿರುವವರ ದನಿ ಬೇಕಾದರೆ ಅವರನ್ನು ಕೇಳಿ, ತೀರಿಹೋದವರದಾದರೆ ಮನೆಯವರನ್ನು ಕೇಳಿ. ಅಜ್ಜಿಯ ಬಾಯಿಂದ ಕೇಳಿ ಬರೆದುಕೊಂಡ ಹಾಡಾದರೆ ಅಜ್ಜಿಯ ಹೆಸರು, ಊರು, ಕೇಳಿದ ವರ್ಷ ಬರೆಯಿರಿ. ಮತ್ತು ಒಂದು ನೋಟುಬುಕ್ಕು ಇಡಿ. ನೀವು ಬರೆದ ಮೊದಲ ಕರಡು, ಹೊಡೆದು ತಿದ್ದಿದ ಸಾಲು, ತಾರೀಖು ಎಲ್ಲ ಅದರಲ್ಲಿರಲಿ. ನಮ್ಮ ಕಾನೂನಿನಲ್ಲಿ ಕೃತಿಸ್ವಾಮ್ಯ ಹುಟ್ಟುವುದು ಬರೆದ ಕೂಡಲೇ, ನೋಂದಣಿ ಕಡ್ಡಾಯವಲ್ಲ. ಆದರೆ ನಾಳೆ ಜಗಳ ಬಂದರೆ ಯಾವುದು ನಿಮ್ಮ ಕೈಯದು, ಯಾವುದು ಯಂತ್ರದ್ದು ಎಂದು ತೋರಿಸಲು ಆ ಬುಕ್ಕೇ ಸಾಕ್ಷಿ.

ಆ ತರುಣನಿಗೆ ನಾನು ಹೇಳಿದ್ದು ಇಷ್ಟು. ‘ತಮ್ಮಾ, ಕಡೀ ನುಡಿಯೊಳಗ ಹೆಸರ ಹಾಕೂದಂದ್ರ ಹೊಲದ ಬಾಂದಕ ಕಲ್ಲ ನೆಟ್ಟಂಗಲ್ಲ. ಪದದೊಳಗ ತಪ್ಪ ಇದ್ರ ನನ್ನ ಕೇಳ್ರಿ ಅಂತ ಎದ್ದ ನಿಂತಂಗ. ಹಂಗ ನಿಲ್ಲೂದಕ್ಕ ಯಂತ್ರಕ ಆಗೂದಿಲ್ಲ. ನಿನಗ ಆಗತೈತಿ ಅಂದ್ರ ನಿನ್ನ ಹೆಸರ ಹಾಕು. ಯಂತ್ರ ಎಷ್ಟ ಮಾಡೇತಿ ಅನ್ನೂದನ್ನೂ ಹೇಳು.’

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹಾಡನ್ನು ಇನ್ನೊಮ್ಮೆ ಹಚ್ಚಿ, ನಡುವಿನ ಒಂದು ನುಡಿಗೆ ಬಂದಾಗ ನಿಲ್ಲಿಸಿದ. ಬ್ಯಾರೇಜಿನ ಗೇಟು ತೆಗೆದಾಗ ಆಗುವ ಸಪ್ಪಳವನ್ನು ಯಂತ್ರ ಕೊಳಲಿನ ನಾದಕ್ಕೆ ಹೋಲಿಸಿತ್ತು. ‘ಇದ ಖರೇ ಅಲ್ರಿ ಸರ, ಹೊಳಿ ಹಿಂಗ ಸಪ್ಪಳ ಮಾಡಂಗಿಲ್ಲ. ಯಾರರ ಕೇಳಿದ್ರ ನಾ ಏನ ಹೇಳ್ಲಿ? ಈ ನುಡಿ ನಾನ ಬರೀತೀನಿ’ ಎಂದ. ಆ ನುಡಿಯನ್ನು ಅವನು ಬರೆದು ಮುಗಿಸಲಿ, ಮುಂದಿನ ಸಲ ಇಲ್ಲಿಯೇ ನಿಮ್ಮೆಲ್ಲರ ಮುಂದೆ ಹಾಡಲಿ ಎಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.